ಒಂಬತ್ತು ದಿನದ ಕತ್ತರಿ

ದೊಡ್ಡ ನಾಡಿನಿಂದ ನಮ್ಮ ಊರಿಗೆ ಬಂದ ಮೊದಲ ಕೋಟಿನೊಳಗೆ ನಾವು ಮೂವರು ಮಲಗುತ್ತಿದ್ದೆವು. ಅವ್ವ ನಡುವೆ, ಅಕ್ಕ ನೀಲವ್ವ ಒಂದು ತೋಳಿನ ಕಡೆ, ನಾನು ಇನ್ನೊಂದು ತೋಳಿನ ಕಡೆ. ಯುದ್ಧ ಮುಗಿದು, ಊರಿನಲ್ಲಿ ಹೊದೆಯಲು ಗೋಣಿಚೀಲವೂ ಉಳಿದಿರದ ವರ್ಷ ಅದು. ನನಗೆ ಆಗ ಹನ್ನೆರಡು. ಕೆಂಪು ಬಾವುಟ ಕಟ್ಟಿದ ರೈಲು ಬಂದು ನಿಂತಿತು. ಡಬ್ಬಿಗಳ ಬಾಗಿಲು ತೆರೆದರೆ ಒಳಗೆ ಕೋಟು, ಬೂಟು, ಕುರ್ಚಿ, ಮಂಚ, ಬಾಗಿಲು, ಸೌಟು. ಎಲ್ಲವೂ ನಮ್ಮ ಅಳತೆಯ ಒಂದೂವರೆ ಪಟ್ಟು. ದೊಡ್ಡ ನಾಡಿನ ಜನ ಅಷ್ಟು ದೊಡ್ಡವರು, ಅವರ ಅಳತೆ ಅದು. ಎಲ್ಲರೂ ಸಮಾನರು, ಎಲ್ಲರಿಗೂ ಒಂದೇ ಅಳತೆ ಎಂದು ಡಬ್ಬಿಗಳ ಮೇಲೆ ಬರೆದಿತ್ತು. ಅದನ್ನು ಓದಿ ನಗುವಷ್ಟು ಹೊಟ್ಟೆ ತುಂಬಿದವರು ಊರಿನಲ್ಲಿ ಯಾರೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿ ನನ್ನನ್ನು ಉಪಕಾರಗೇಡಿ ಅನ್ನುವವರು ಇದ್ದಾರೆ. ಆ ಕೋಟು ಇಲ್ಲದಿದ್ದರೆ ನಾವು ಆ ಚಳಿಗಾಲ ದಾಟುತ್ತಿರಲಿಲ್ಲ.

ಆಮೇಲೆ ರೈಲು ವರ್ಷಕ್ಕೆ ನಾಲ್ಕು ಸಲ ಬರತೊಡಗಿತು, ಊರು ಆ ಅಳತೆಗೆ ಹೊಂದಿಕೊಂಡಿತು. ಒಂದು ಕುರ್ಚಿಯಲ್ಲಿ ಇಬ್ಬರು ಕೂರುವುದು ರೂಢಿಯಾಯಿತು. ಗಂಡ ಹೆಂಡತಿ ಬೇರೆ ಬೇರೆ ಕುರ್ಚಿಯಲ್ಲಿ ಕೂತರೆ ಜಗಳವಾಗಿದೆ ಎಂದು ಬೀದಿಗೆಲ್ಲ ತಿಳಿಯುತ್ತಿತ್ತು. ಬಾಗಿಲ ಚಿಲಕ ತಲೆಗಿಂತ ಮೇಲಿದ್ದುದರಿಂದ ಪ್ರತಿ ಮನೆಯ ಮುಂದೆ ಹತ್ತಿ ನಿಲ್ಲಲು ಒಂದು ಮಣೆ. ನನ್ನ ಗಂಡ ದ್ಯಾಮಣ್ಣ ಬಡಿಗ. ಮದುವೆಯಾದಾಗಿನಿಂದ ಅವನು ಮಾಡಿದ್ದೆಲ್ಲ ಮಣೆ ಮತ್ತು ಮೆಟ್ಟಿಲು. ಶಾಲೆಗೆ ಮಣೆ, ದವಾಖಾನೆಗೆ ಮಣೆ, ಭಾಷಣ ಮಾಡುವವರ ಕಾಲಡಿಗೆ ಮಣೆ. ಹೊಳೆಯಾಚೆಯ ಊರುಗಳದು ಬೇರೆಯೇ ಪಾಡು. ಅವಕ್ಕೆ ಇನ್ನೊಂದು ದೊಡ್ಡ ನಾಡಿನ ಸ್ನೇಹ. ಅಲ್ಲಿಂದ ಬರುವ ಬಟ್ಟೆ ಥಳಥಳ ಹೊಳೆಯುತ್ತಿತ್ತಂತೆ, ಆದರೆ ವಿಪರೀತ ಬಿಗಿಯಂತೆ. ಉಸಿರು ಕಟ್ಟಿ ಗುಂಡಿ ಹಾಕಿಕೊಂಡು ಅವರು ನಮ್ಮನ್ನು ನೋಡಿ ನಗುತ್ತಿದ್ದರು, ನಾವು ತೋಳು ಎತ್ತಿಕೊಂಡು ಅವರನ್ನು ನೋಡಿ ನಗುತ್ತಿದ್ದೆವು. ಎರಡೂ ದಂಡೆಯಲ್ಲಿ ಫಿರಂಗಿಗಳಿದ್ದವು.

ನಮ್ಮಪ್ಪ ಸಿಂಪಿಗ. ಮೊದಲ ಮೂರು ವರ್ಷ ಅವನು ಬಂದ ಕೋಟುಗಳನ್ನು ಕತ್ತರಿಸಿ ಊರವರ ಮೈಗೆ ಕೂರಿಸಿ ಕೊಟ್ಟ. ಅಕ್ಕನಿಗೂ ನನಗೂ ಕತ್ತರಿ ಹಿಡಿಯಲು ಕಲಿಸಿದ್ದು ಆಗಲೇ. ನನಗೆ ಹದಿನೈದು ತುಂಬಿದ ವರ್ಷ ಕಾನೂನು ಬಂತು: ಕಾಣಿಕೆಗೆ ಕತ್ತರಿ ಹಾಕುವಂತಿಲ್ಲ. ಕತ್ತರಿಸಿದರೆ ಕೊಟ್ಟವರ ಅಳತೆ ತಪ್ಪು ಎಂದಂತಾಗುತ್ತದಂತೆ. ಊರಿನ ಕತ್ತರಿಗಳನ್ನೆಲ್ಲ ಗಾಡಿಯಲ್ಲಿ ತುಂಬಿಕೊಂಡು ಹೋದರು. ಅಪ್ಪ ತನ್ನದನ್ನು ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ ಕೊಟ್ಟ. ಆಮೇಲೆ ಕಟ್ಟೆಯ ಮೇಲೆ ಸುಮ್ಮನೆ ಕೂತಾಗ ಅವನ ಎರಡು ಬೆರಳು ತಾವೇ ತೆರೆದು ಮುಚ್ಚುತ್ತಿದ್ದವು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ, ಎದ್ದು ಒಳಗೆ ಹೋಗುತ್ತಿದ್ದೆ.

ಅಂದಿನಿಂದ ಸಿಂಪಿಗರು ಮಡಿಸುವವರಾದೆವು. ತೋಳನ್ನು ಒಳಗೆ ಎರಡು ಸುತ್ತು ಮಡಿಸಿ ಕಚ್ಚಾ ಹೊಲಿಗೆ ಹಾಕುವುದು, ಸೊಂಟಕ್ಕೆ ನೆರಿಗೆ ಹಿಡಿಯುವುದು, ಪ್ಯಾಂಟಿನ ಕಾಲನ್ನು ಮೊಣಕಾಲಿನವರೆಗೆ ಮೇಲೆಳೆದು ಒಳಗಿನಿಂದ ಹೊಲಿದು ನಿಲ್ಲಿಸುವುದು. ನಾನು ಮಡಿಸಿದ ಕೋಟು ಹೊರಗಿನಿಂದ ಚೆಂದ ಕಾಣುತ್ತಿತ್ತು, ಒಳಗೆ ಹಾಕಿಕೊಂಡವರು ಮೂಟೆ ಹೊತ್ತಂತೆ ನಡೆಯುತ್ತಿದ್ದರು. ವರ್ಷಕ್ಕೊಮ್ಮೆ ಬಿಚ್ಚುವ ದಿನ. ಅಂದು ಹೊಲಿಗೆ ಬಿಚ್ಚಿ, ಕೋಟು ನೆಲದ ಮೇಲೆ ಎಳೆದಾಡುತ್ತ ಊರಿಗೆ ಊರೇ ಮೈದಾನದಲ್ಲಿ ನಿಲ್ಲಬೇಕು, ಫೋಟೋ ತೆಗೆಯುತ್ತಾರೆ. ಮರುದಿನದಿಂದ ನಮಗೆ ಮತ್ತೆ ತಿಂಗಳಗಟ್ಟಲೆ ಕೆಲಸ.

ಊರಿಗೊಬ್ಬರಂತೆ ಸಲಹೆಗಾರರನ್ನು ದೊಡ್ಡ ನಾಡು ಇಟ್ಟಿತ್ತು. ಅವರ ಹೆಸರು ನಮ್ಮ ಬಾಯಲ್ಲಿ ಹೊರಳದ ಕಾರಣ ಎಲ್ಲರೂ ದೊಡ್ಡ ಸಾಹೇಬರು ಅನ್ನುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ನಮ್ಮ ಮಾತನ್ನು ಪುಸ್ತಕ ಓದಿ ಕಲಿತಿದ್ದರು. ಬಾಗಿಲು ಅವರ ಅಳತೆಯದಾದರೂ ನಮ್ಮ ಕೋಣೆಗಳೊಳಗೆ ಹಿಡಿಸದೆ ಅಂಗಳದಲ್ಲೇ ಕೂರುತ್ತಿದ್ದರು, ಮಜ್ಜಿಗೆ ಕೊಟ್ಟರೆ ಚೊಂಬು ಅವರ ಕೈಯಲ್ಲಿ ಲೋಟದ ಹಾಗೆ ಕಾಣುತ್ತಿತ್ತು. ಅವರು ಎಂದೂ ಆಜ್ಞೆ ಮಾಡಿದವರಲ್ಲ. ಬರೀ ಸಲಹೆ. ಬೆಳಿಗ್ಗೆ ಅವರು ಸಲಹೆ ಕೊಟ್ಟರೆ ಸಂಜೆಯೊಳಗೆ ಊರಿನ ಸಮಿತಿ ಅದು ತನ್ನದೇ ಯೋಚನೆ ಎಂಬಂತೆ ಠರಾವು ಮಾಡುತ್ತಿತ್ತು. ಸಮಿತಿಯ ಅಧ್ಯಕ್ಷ ಬಂಡೆಪ್ಪ ಕೈ ಎತ್ತುವುದರಲ್ಲಿ ಎಷ್ಟು ಪಳಗಿದ್ದನೆಂದರೆ ಬೆವರು ಒರೆಸಲು ಕೈ ಎತ್ತಿದರೂ ಉಳಿದವರು ಎತ್ತಿಬಿಡುತ್ತಿದ್ದರು.

ಅಕ್ಕ ನೀಲವ್ವ ಮದುವೆಯಾಗಿ ಕಣಿವೆಯಾಚೆಯ ಊರಿಗೆ ಹೋದಳು. ಅದೂ ದೊಡ್ಡ ನಾಡಿನ ಬಳಗದ ಊರೇ, ಅದೇ ರೈಲು, ಅದೇ ಅಳತೆ. ಅವಳೂ ಅಲ್ಲಿ ಮಡಿಸುತ್ತಿದ್ದಳು. ನನಗೆ ಮೂವತ್ತೆಂಟು ತುಂಬಿದ ವರ್ಷ ಅವಳಿಂದ ಒಂದು ಗಂಟು ಬಂತು. ಬಿಚ್ಚಿದರೆ ಒಂದು ಕೋಟು, ಕತ್ತರಿಸಿ ಹೊಲಿದದ್ದು. ಜೊತೆಗೊಂದು ಚೀಟಿ. ‘ನಮ್ಮ ಊರ ಸಮಿತಿ ಕತ್ತರಿಗೆ ಒಪ್ಪಿದೆ. ಯಾರ ಮೇಲೂ ಸಿಟ್ಟಿಲ್ಲ. ಬಾವುಟ ಅದೇ, ಸ್ನೇಹ ಅದೇ, ಕೋಟು ಮಾತ್ರ ನಮ್ಮ ಮೈಗೆ. ನಿನ್ನ ಅಳತೆ ಇರಲಿಲ್ಲ, ನನ್ನದಕ್ಕೆ ಕತ್ತರಿಸಿ ಭುಜದಲ್ಲಿ ಒಂದು ಬೆರಳು ಕಡಿಮೆ ಮಾಡಿದ್ದೇನೆ.’ ಬಾಗಿಲು ಹಾಕಿ ತೊಟ್ಟುಕೊಂಡೆ. ತೋಳು ಮಣಿಕಟ್ಟಿಗೆ ಬಂದು ನಿಂತಿತು. ಕೋಟು ತೊಟ್ಟೂ ನನ್ನ ಎರಡೂ ಅಂಗೈ ಹೊರಗೇ ಇದ್ದವು. ದ್ಯಾಮಣ್ಣ ನೋಡುತ್ತ ನಿಂತ.

"ನೀ ಇಷ್ಟs ಅದೀಯೇನ?" ಅಂದ.

"ಇಷ್ಟs ಅದೀನಿ," ಅಂದೆ.

ಅವನು ನಕ್ಕ, ನಾನು ಅತ್ತೆ. ಯಾಕೆ ಅತ್ತೆನೆಂದು ಈಗ ಗೊತ್ತು. ಇಪ್ಪತ್ತಾರು ವರ್ಷ ನಾನು ಕೋಟಿಗೆ ಸಣ್ಣವಳು ಎಂದುಕೊಂಡಿದ್ದೆ, ಕೋಟು ನನಗೆ ದೊಡ್ಡದು ಎಂದು ಒಂದು ಸಲವೂ ಅಂದುಕೊಂಡಿರಲಿಲ್ಲ.

ಎರಡು ತಿಂಗಳ ಮೇಲೆ ಬಂಡೆಪ್ಪ ನನ್ನ ಅಂಗಡಿಗೆ ಬಂದ. ಹಿಂದೆ ಮೂರು ಗಾಡಿ ಸಿಪಾಯಿ ಸಮವಸ್ತ್ರ, ಕೈಯಲ್ಲಿ ಅರಗಿನ ಮುದ್ರೆ ಒತ್ತಿದ ಪೆಟ್ಟಿಗೆ. ಮುದ್ರೆ ಒಡೆದರೆ ಒಳಗೆ ಆರು ಕತ್ತರಿ. ಇಪ್ಪತ್ತಮೂರು ವರ್ಷದ ಮೇಲೆ ಕತ್ತರಿ ನೋಡುತ್ತಿದ್ದೆ. ಜೊತೆಗೆ ಒಂದು ಕಾಗದ: ಒಂಬತ್ತು ದಿನ ಈ ಊರಿನಲ್ಲಿ ಕಾಣಿಕೆಗೆ ಕತ್ತರಿ ಹಾಕಲು ಅನುಮತಿ.

"ಮುನ್ನೂರ ನಲವತ್ತು ಜೋಡು," ಅಂದ ಬಂಡೆಪ್ಪ. "ಮಡಿಸಿದ್ದು ಹಾಕ್ಕೊಂಡು ಕಣಿವಿ ಹತ್ತಾಕ ಆಗಂಗಿಲ್ಲವಾ, ನಾಕು ಹೆಜ್ಜಿಗೆ ಹೊಲಿಗಿ ಹರೀತಾವು. ಅದಕ್ಕ ಕತ್ತರಿಸೂದು ಅಂತ ಆಗೇತಿ. ಕತ್ತರಿ ಹಿಡಿಯೂದು ಗೊತ್ತಿದ್ದಾಕಿ ಈ ಊರಾಗ ನೀ ಒಬ್ಬಾಕಿನ ಉಳದೀಯ. ಉಳಿದವ್ರಿಗೆ ನೀನs ಕಲಿಸು."

"ಎಲ್ಲಿಗೆ ಹೊಂಟಾರ್ರೀ?"

"ಸಹಾಯಕ್ಕ."

"ಯಾರಿಗೆ ಸಹಾಯ?"

ಅವನು ಗೋಡೆ ನೋಡಿದ. "ಕಣಿವಿ ಆಚೀಕಿನವ್ರಿಗೆ. ಅಲ್ಲಿ ಮಂದಿ ದಾರಿ ತಪ್ಯಾರಂತ. ಬಳಗದ ಊರವ್ರೆಲ್ಲಾ ಕೂಡಿ ಹೋಗೂದಂತ."

"ಅವ್ರು ಸಹಾಯ ಕೇಳ್ಯಾರೇನ್ರಿ?"

"ಕೇಳ್ಯಾರಂತ. ಪತ್ರ ಐತಂತ."

"ಸಹಿ ಯಾರದೈತಿ?"

"ಅಷ್ಟೆಲ್ಲಾ ನಾ ಕೇಳಿಲ್ಲ, ನೀನೂ ಕೇಳಬ್ಯಾಡ," ಅಂದು ಬಂಡೆಪ್ಪ ಹೋಗುವವರ ಪಟ್ಟಿ ಕೊಟ್ಟು ಹೋದ. ಪಟ್ಟಿಯಲ್ಲಿ ಹದಿನೇಳನೆಯ ಹೆಸರು ದ್ಯಾಮಣ್ಣನದು.

ನನ್ನ ಜೀವಮಾನವೆಲ್ಲ ನಾನು ಬಯಸಿದ್ದು ಕತ್ತರಿ. ಅದು ಬಂದದ್ದು ಕತ್ತರಿ ಹಿಡಿದ ತಪ್ಪಿಗೆ ನನ್ನ ಅಕ್ಕನನ್ನು ಹಿಡಿಯಲು. ದ್ಯಾಮಣ್ಣ ಸಂಜೆ ಮನೆಗೆ ಬಂದು ಪಟ್ಟಿ ನೋಡಿ, ಇಬ್ಬರ ಕುರ್ಚಿಯಲ್ಲಿ ನನ್ನ ಪಕ್ಕ ಕೂತ.

"ನೀ ಕತ್ತರಿಸಲಿಲ್ಲಂದ್ರ ಆ ಪ್ಯಾಂಟಿನ್ಯಾಗ ಕಾಲು ಸಿಕ್ಕೊಂಡು ಕಣಿವ್ಯಾಗ ಬಿದ್ದು ಸಾಯ್ತೀನಿ," ಅಂದ. "ಕತ್ತರಿಸಿದಿ ಅಂದ್ರ ಬಂದೂಕು ಹಿಡ್ಕೊಂಡು ನೀಲಕ್ಕನ ಬಾಗ್ಲಕ್ಕ ಹೋಗಿ ನಿಂದರತೀನಿ. ಯಾವುದು ಬೇಕು ನೀನs ಹೇಳು."

ಒಲ್ಲೆ ಎಂದು ಕತ್ತರಿ ವಾಪಸು ಕೊಡಬಹುದಿತ್ತು. ಕೊಟ್ಟರೆ ಮರುದಿನವೇ ಬೇರೆ ಊರಿನಿಂದ ಯಾರನ್ನಾದರೂ ಕರೆಸುತ್ತಿದ್ದರು, ಬಟ್ಟೆ ಒಂಬತ್ತು ದಿನದಲ್ಲಿ ತಯಾರಾಗುತ್ತಿತ್ತು. ನನ್ನ ಕೈ ಚೊಕ್ಕಟವಾಗಿ ಉಳಿಯುತ್ತಿತ್ತು ಅಷ್ಟೇ, ಅಕ್ಕನ ಬಾಗಿಲಿಗೆ ಹೋಗುವವರು ಹೋಗಿಯೇ ಹೋಗುತ್ತಿದ್ದರು. ನನಗೆ ಚೊಕ್ಕಟ ಕೈ ಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ದ್ಯಾಮಣ್ಣನ ಸಮವಸ್ತ್ರವನ್ನೇ ಮೊದಲು ಹಾಸಿದೆ. ಸೀಮೆಸುಣ್ಣದಲ್ಲಿ ಗೆರೆ ಹಾಕಿದೆ. ಕತ್ತರಿ ತೆರೆದೆ. ಮುಚ್ಚಲು ಆಗಲಿಲ್ಲ. ಹಾಗೇ ನಿಂತಿದ್ದಾಗ ದುರಗವ್ವ ಬಂದಳು. ಬಂಡೆಪ್ಪನ ತಾಯಿ, ಎಂಬತ್ತರ ಹತ್ತಿರದ ಮುದುಕಿ. ಕಚ್ಚಾ ಹೊಲಿಗೆ ಬಿಚ್ಚಿಹೋಗಿ ಅವಳ ತೋಳೊಂದು ನೆಲ ಗುಡಿಸುತ್ತಿತ್ತು.

"ಕತ್ತರಿ ಬಂದೈತಂತಲ್ಲವಾ ಮಾಳವ್ವ. ನಂದೊಂದಿಷ್ಟು ಕತ್ತರಿಸಿ ಕೊಡು. ಸಾಯೂದ್ರೊಳಗ ನನ್ನ ಕೈ ನೋಡ್ಬೇಕಾಗೇತಿ."

"ಇದು ಸಿಪಾಯಿ ಬಟ್ಟಿಗೆ ಬಂದದ್ದಬೇ."

"ಹಂಗಂತ ಕಾಗದದಾಗ ಬರದಾರೇನು?"

ಬರೆದಿರಲಿಲ್ಲ. ಬರೆದವರಿಗೆ ಈ ಊರಿನಲ್ಲಿ ಕತ್ತರಿಸಬೇಕಾದದ್ದು ಬೇರೆ ಇದೆಯೆಂದು ಹೊಳೆದೇ ಇರಲಿಕ್ಕಿಲ್ಲ. ದ್ಯಾಮಣ್ಣನ ಸಮವಸ್ತ್ರವನ್ನು ಬದಿಗೆ ಸರಿಸಿ ದುರಗವ್ವನ ಕೋಟು ಹಾಸಿದೆ. ಕತ್ತರಿ ಮುಚ್ಚಿತು. ಮಧ್ಯಾಹ್ನದೊಳಗೆ ಅವಳು ತೊಟ್ಟು ನಿಂತು, ಎರಡೂ ಕೈ ಮುಂದೆ ಚಾಚಿ, ಬೆರಳು ತಿರುಗಿಸಿ ನೋಡಿಕೊಂಡಳು. ಬಳೆ ಸರಿಮಾಡಿಕೊಂಡಳು. ಬೀದಿಗೆ ಇಳಿದು ನಡೆದುಹೋದಳು. ಆ ನಡಿಗೆಯನ್ನು ಬೀದಿಯವರೆಲ್ಲ ನೋಡಿದರು.

ಎರಡನೆಯ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಅಂಗಡಿಯಿಂದ ಬಾವಿಯ ತನಕ ಸಾಲು. ಎಲ್ಲರ ತೋಳ ಮೇಲೂ ಅವರವರ ಕೋಟು. ಆಗ ನನ್ನ ಮನಸ್ಸಿನಲ್ಲಿ ಎಲ್ಲ ಸ್ಪಷ್ಟವಾಯಿತು. ಕತ್ತರಿ ಆರು, ದಿನ ಒಂಬತ್ತು. ಈ ಕತ್ತರಿಗಳು ಊರಿನ ಕೋಟುಗಳ ಮೇಲೆ ನಡೆಯುತ್ತಿರುವಷ್ಟು ಹೊತ್ತು ಸಮವಸ್ತ್ರದ ಮೇಲೆ ನಡೆಯಲಾರವು. ಕೆಲಸ ನಿಂತಿದೆ ಎಂದು ಯಾರೂ ದೂರುವಂತೆಯೂ ಇಲ್ಲ. ಮಡಿಸುವವರಲ್ಲಿ ಐದು ಮಂದಿಯನ್ನು ಕರೆದು ಕತ್ತರಿ ಕೊಟ್ಟೆ. ಹೆಬ್ಬೆರಳು ಎಲ್ಲಿ, ನಡುಬೆರಳು ಎಲ್ಲಿ, ಬಟ್ಟೆಯನ್ನು ಎತ್ತದೆ ಕತ್ತರಿಯನ್ನು ಹೇಗೆ ದೂಡಬೇಕು ಎಂದು ಅಪ್ಪ ಹೇಳಿದಂತೆಯೇ ಹೇಳಿದೆ. ದ್ಯಾಮಣ್ಣ ಬಂದು ಸಾಲು ನೋಡಿದ, ಮೂಲೆಯಲ್ಲಿ ಮುಟ್ಟದೆ ಬಿದ್ದಿದ್ದ ಸಮವಸ್ತ್ರದ ಗಂಟುಗಳನ್ನು ನೋಡಿದ. ಅವನು ದಡ್ಡನಲ್ಲ.

"ನಂದು ಎಲ್ಲಾರಕಿಂತ ಕಡೀಕ ಇಡು," ಅಂದು, ಸಾಣೆಕಲ್ಲು ತಂದು ಕತ್ತರಿಗಳಿಗೆ ಸಾಣೆ ಹಿಡಿಯುತ್ತ ಕೂತ. ಆ ಮಾತಿಗಾಗಿ ಅವನ ಹಿಂದಿನ ಎಲ್ಲ ತಪ್ಪುಗಳನ್ನೂ ಮನ್ನಿಸಿದ್ದೇನೆ, ಹೊಸದಾಗಿ ಮಾಡಿದವನ್ನು ಮಾತ್ರ ಇಲ್ಲ.

ದೊಡ್ಡ ಸಾಹೇಬರು ಆ ದಿನಗಳಲ್ಲಿ ಕಣಿವೆಯ ಬಾಯಲ್ಲಿ ಬೇರೆ ಊರಿನ ಅಧಿಕಾರಿಗಳ ಜೊತೆ ಇದ್ದರು. ಬಂಡೆಪ್ಪ ಪ್ರತಿ ಸಂಜೆ ಫೋನಿನಲ್ಲಿ ವರದಿ ಕೊಡಬೇಕಿತ್ತು. ನಾಲ್ಕನೆಯ ದಿನ ಅವನು ಅಂಗಡಿಗೆ ಬಂದ. ಸಾಲು ಕಂಡ, ಗಂಟು ಕಂಡ, ಮುಖ ಸುಣ್ಣವಾಯಿತು.

"ಏನ್ ಮಾಡಾಕತ್ತೀಯವಾ ಮಾಳವ್ವ? ನನ್ನ ತೆಗೀತಾರ. ನಿನ್ನ ಒಯ್ತಾರ."

"ಒಯ್ಲಿ. ನೀವು ಹೋಗಿ ಇದ್ದದ್ದು ಹೇಳ್ರಿ, ನಾ ತಡಿಯಂಗಿಲ್ಲ. ಮಂದಿ ನಿಮ್ಮ ಕೈ ನೋಡಿ ಕೈ ಎತ್ತಿದವ್ರು, ಈಗ ಒಂದ್ಸಲ ಅವ್ರ ಕೈ ಅವ್ರು ನೋಡ್ಕೊಳ್ಳಾಕ ಬಂದಾರ."

ಬಂಡೆಪ್ಪ ತನ್ನಷ್ಟಕ್ಕೇ ಅಂದಂತೆ ಅಂದ: "ನಮ್ಮವ್ವ ಮೂರು ದಿನದಿಂದ ಕಟ್ಟಿ ಮ್ಯಾಲೆ ಕುಂತು ಬಳಿ ತಿರಿವಿಕೋತ ಹಾಡಾಕತ್ತಾಳ. ಆಕಿ ಹಾಡ್ತಾಳ ಅನ್ನೂದs ನನಗ ಗೊತ್ತಿದ್ದಿಲ್ಲ." ಆ ಸಂಜೆ ಅವನು ಫೋನಿನಲ್ಲಿ ಹೇಳಿದ್ದು ಕೆಲಸ ಜೋರಾಗಿ ನಡೆದಿದೆ ಎಂದು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಒಂಬತ್ತು ದಿನ ನಾನು ಬಟ್ಟೆಯ ಧೂಳು ಉಂಡೆ, ಧೂಳು ಕುಡಿದೆ. ಹೆಬ್ಬೆರಳಿನ ಬುಡದಲ್ಲಿ ಗುಳ್ಳೆ ಎದ್ದು ಒಡೆಯಿತು, ಬಟ್ಟೆ ಸುತ್ತಿಕೊಂಡು ಕತ್ತರಿಸಿದೆ. ಕೋಟು ಮುಗಿದ ಮೇಲೆ ಅಂಗಿ, ಅಂಗಿ ಮುಗಿದ ಮೇಲೆ ಶಾಲೆಯ ಮಕ್ಕಳ ಸ್ವೆಟರು, ದವಾಖಾನೆಯ ಹೊದಿಕೆ. ಬಿದ್ದ ತುಂಡುಗಳನ್ನು ಹೆಂಗಸರು ಉಡಿಯಲ್ಲಿ ತುಂಬಿಕೊಂಡು ಹೋಗಿ ಅಂದಂದೇ ಹೊದೆಯುವ ಕೌದಿಗೆ ಹೊಲಿದರು. ಒಂಬತ್ತನೆಯ ದಿನದ ಸಂಜೆ ಸಾಲಿನ ಕೊನೆಯಲ್ಲಿ ಬಂಡೆಪ್ಪ ನಿಂತಿದ್ದ, ತೋಳ ಮೇಲೆ ಕೋಟು. ನಾನು ಅಳತೆ ತೆಗೆದುಕೊಂಡೆ. ಅವನ ಬೆನ್ನು ನಾನು ಎಣಿಸಿದ್ದಕ್ಕಿಂತ ಅಗಲವಿತ್ತು.

ಹತ್ತನೆಯ ದಿನ ಬೆಳಿಗ್ಗೆ ಮುನ್ನೂರ ನಲವತ್ತು ಮಂದಿ ಮೈದಾನದಲ್ಲಿ ನಿಂತರು, ಬಂದ ಅಳತೆಯಲ್ಲೇ ಉಳಿದ ಸಮವಸ್ತ್ರ ತೊಟ್ಟು. ದೊಡ್ಡ ಸಾಹೇಬರು ಕಣಿವೆಯಿಂದ ನೇರವಾಗಿ ಬಂದಿದ್ದರು, ಕಣ್ಣಿಗೆ ನಿದ್ದೆ ಇರಲಿಲ್ಲ. ನಡೆಯಿರಿ ಎಂದು ಕೂಗಿದರು. ನಡೆದರು. ಮೊದಲ ಸಾಲು ಹತ್ತು ಹೆಜ್ಜೆಗೆ ಕಾಲು ಸಿಕ್ಕಿ ಬಿತ್ತು, ಎರಡನೆಯದು ಅದರ ಮೇಲೆ. ಬಂದೂಕು ಹಿಡಿಯೋಣವೆಂದರೆ ಕೈ ತೋಳಿನೊಳಗೆ ಎಲ್ಲೋ ಇತ್ತು. ಯಾರೂ ನಾಟಕ ಮಾಡಲಿಲ್ಲ, ಆ ಅಳತೆಯಲ್ಲಿ ಆಗುವುದೇ ಅಷ್ಟು. ಮೈದಾನದ ಸುತ್ತ ಹೆಂಗಸರು, ಮುದುಕರು, ಮಕ್ಕಳು ತಮ್ಮ ಮೈಗೆ ಸರಿಯಾದ ಕೋಟು ತೊಟ್ಟು ನೋಡುತ್ತ ನಿಂತಿದ್ದರು. ಒಬ್ಬರೂ ನಗಲಿಲ್ಲ. ಕಣಿವೆಗೆ ಹೊರಟಿದ್ದ ರೈಲು ಅರ್ಧ ತಾಸು ಕೂಗಿ, ನಮ್ಮವರನ್ನು ಬಿಟ್ಟು ಹೋಯಿತು.

ಸಾಹೇಬರು ಅಂಗಡಿಗೆ ಬಂದು ಬಾಗಿಲಲ್ಲಿ ಕೂತರು.

"ನೀವು ಬೆತ್ತಲೆಯಾಗಿದ್ದಿರಿ, ಮಾಳವ್ವನವರೇ. ನಾವು ನಿಮಗೆ ವಸ್ತ್ರವನ್ನು ಕೊಟ್ಟೆವು," ಅಂದರು.

"ಕೊಟ್ರಿ ಸಾಹೇಬ್ರ. ನಿಮ್ಮ ಕೋಟಿನ್ಯಾಗ ನಾವು ಮೂರು ಜನ ಮಲಗಿ ಬದುಕೇವಿ. ಅದ್ರಾಗ ನನ್ನ ಮಗ್ಗಲಾಗ ಮಲಗಿದಾಕಿ ನಮ್ಮಕ್ಕ. ಈಗ ಆ ಊರಾಗ ಅದಾಳ. ಕೋಟಿನ ಹಂಗಿಗೆ ಬ್ಯಾರೆ ಏನಾರ ಕೇಳ್ರಿ, ಕೊಡ್ತೀನಿ. ಆಕೀನ್ನ ಕೊಡಂಗಿಲ್ಲ."

"ನಮ್ಮ ಉದ್ದೇಶ ಸಹಾಯವಾಗಿತ್ತು."

"ನಿಮಗ ಹಂಗ ಅನಸೇತಿ ಅಂತ ನನಗ ಗೊತ್ತೈತ್ರಿ. ಅದಕ್ಕs ನಿಮ್ಮ ಮ್ಯಾಲೆ ಪೂರಾ ಸಿಟ್ಟು ಬರಂಗಿಲ್ಲ."

"ನಾನು ವರದಿ ಬರೆಯಬೇಕಾಗುತ್ತದೆ."

"ಬರೀರಿ. ನನ್ನ ಹೆಸರೊಂದs ಬರೀರಿ. ಕತ್ತರಿ ಕಲಿಸಿದಾಕಿ ನಾನs."

ಅವರು ಹಾಗೇ ಬರೆದರು. ಅದು ಅವರ ಒಳ್ಳೆಯತನ. ಒಂದು ವಾರದಲ್ಲಿ ಅವರನ್ನು ವಾಪಸು ಕರೆಸಿಕೊಂಡರು, ಬೇರೆ ಸಲಹೆಗಾರರು ಬಂದರು. ಬಂಡೆಪ್ಪನ ಅಧ್ಯಕ್ಷತೆ ಹೋಯಿತು. ದ್ಯಾಮಣ್ಣನೂ ಉಳಿದವರೂ ಆರು ತಿಂಗಳು ಶಿಕ್ಷೆಯಾಗಿ ರೈಲು ಹಳಿಗೆ ಜಲ್ಲಿ ಹಾಕಿದರು. ನನಗೆ ಸೂಜಿ ನಿಷೇಧವಾಯಿತು, ಸ್ಟೇಷನ್ನಿನ ಗೋದಾಮಿನಲ್ಲಿ ಗೋಣಿಚೀಲ ಹೊಲಿಯಲು ಹಾಕಿದರು. ದಬ್ಬಣ ಸೂಜಿಯಲ್ಲವೇ ಎಂದು ಯಾರೂ ಯೋಚಿಸಲಿಲ್ಲ. ಊರವರ ಕೋಟುಗಳನ್ನು ಮತ್ತೆ ಮೊದಲಿನಂತೆ ಮಾಡಿ ಎಂದು ಹೊಸ ಸಲಹೆಗಾರರು ಸಲಹೆ ಕೊಟ್ಟರು, ಸಮಿತಿ ಠರಾವೂ ಮಾಡಿತು. ಆದರೆ ತುಂಡುಗಳೆಲ್ಲ ಕೌದಿಯಾಗಿದ್ದವು, ಕೌದಿಗಳ ಕೆಳಗೆ ಮಕ್ಕಳು ಮಲಗಿದ್ದರು.

ಕಣಿವೆಯಾಚೆಗೆ ಬೇರೆ ಐದು ಊರಿನ ಮಂದಿ ಹೋದರು. ನಾವು ಹೋಗದಿದ್ದರೂ ಆಗುವುದು ಆಗಿಯೇ ಆಯಿತು. ಆ ಊರಿನ ಕತ್ತರಿಗಳೂ ಗಾಡಿ ಹತ್ತಿದವು. ಟಪಾಲು ನಿಂತಿತು. ಅಕ್ಕ ಇದ್ದಾಳೋ ಇಲ್ಲವೋ ಎರಡು ವರ್ಷ ತಿಳಿಯಲಿಲ್ಲ. ಹಾಗಾದರೆ ನೀನು ಮಾಡಿದ್ದರಿಂದ ಏನು ಬಂತು ಎಂದು ಗೋದಾಮಿನಲ್ಲಿ ನನ್ನನ್ನು ಎಷ್ಟೋ ಮಂದಿ ಕೇಳಿದರು. ಚೀಲ ಹೊಲಿಯುತ್ತ ನಾನೂ ಕೇಳಿಕೊಂಡಿದ್ದೇನೆ. ಉತ್ತರ ಸಿಕ್ಕಿರಲಿಲ್ಲ, ಆದರೂ ಇನ್ನೊಮ್ಮೆ ಕತ್ತರಿ ಕೊಟ್ಟರೆ ಅದನ್ನೇ ಮಾಡುತ್ತಿದ್ದೆ.

ಮೂರನೆಯ ವರ್ಷ ಕಣಿವೆ ದಾಟಲು ಪರವಾನಗಿ ಕೊಡತೊಡಗಿದರು. ಒಂದು ಮಧ್ಯಾಹ್ನ ಗೋದಾಮಿನ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದಳು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ನೀಲವ್ವ. ನಾವಿಬ್ಬರೂ ಅಳಲಿಲ್ಲ. ಅವಳು ನನ್ನ ಪಕ್ಕದಲ್ಲಿ ಚೀಲಗಳ ಮೇಲೆ ಕೂತು, ಒಂದು ದಬ್ಬಣ ಎತ್ತಿಕೊಂಡು, ನಾನು ಬಿಟ್ಟ ಕಡೆಯಿಂದ ಹೊಲಿಯತೊಡಗಿದಳು. ಎರಡು ಚೀಲ ಮುಗಿದ ಮೇಲೆ ಮಾತಾಡಿದಳು.

"ಅವ್ರು ಬಂದಾಗ ಎಲ್ಲಾರೂ ಬಾಗಲಾ ಹಾಕ್ಕೊಂಡ್ರು. ನಾ ಮೂರು ದಿನ ಉಣಲಾರದ ಹೊಸ್ತಿಲದಾಗs ನಿಂತಿದ್ದೆ ಮಾಳಾ. ಹಾದು ಹೋದವ್ರ ಮಾರಿ ಒಂದೊಂದೂ ನೋಡ್ದೆ. ನಿಮ್ಮೂರಾವ ಒಬ್ಬನೂ ಇದ್ದಿಲ್ಲ. ಆಮ್ಯಾಲೆ ಒಳಗ ಹೋಗಿ ಉಂಡೆ."